ಅಮ್ಮ ವಾಪಸ್ ಹೋಗುತ್ತಾಳೆ ಎಂಬುದಕ್ಕೆ ಏನು ಆಧಾರ?

ಅಮ್ಮನನ್ನು ನಾನಿರುವ ಊರಿಗೆ ಒಮ್ಮೆ ಕರೆಸಿಕೊಳ್ಳಬೇಕು ಎಂದು ತೀರ್ಮಾನಿಸಿದಾಗ ನನಗಿದ್ದ ಚಿಂತೆಗಳೆಲ್ಲ ಸಣ್ಣಪುಟ್ಟವು. ಚಳಿಗೆ ಅವಳ ಮಂಡಿನೋವು ಹೆಚ್ಚಾದರೆ ಏನು ಮಾಡುವುದು, ವಿಮಾನದಲ್ಲಿ ಕೊಡುವುದನ್ನು ತಿನ್ನುತ್ತಾಳೋ ಇಲ್ಲವೋ, ನಡುವೆ ವಿಮಾನ ಬದಲಿಸುವಾಗ ಯಾರ ಹತ್ತಿರ ಯಾವ ಭಾಷೆಯಲ್ಲಿ ದಾರಿ ಕೇಳುತ್ತಾಳೆ, ಇಂಥವು. ಅವಳು ಬಂದ ಮೇಲೆ ವಾಪಸ್ ಹೋಗುತ್ತಾಳೋ ಇಲ್ಲವೋ ಎಂಬ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಮಗಳ ಮನೆಗೆ ಬರುವ ತಾಯಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಕೇಳಿದರೆ ಅದು ಜಗಳದ ಮಾತಾಗುತ್ತದೆ. ಆದರೆ ವೀಸಾ ಅರ್ಜಿಯ ಕಾಗದಗಳನ್ನು ನೆಲದ ಮೇಲೆ ಹರಡಿಕೊಂಡು ಕೂತ ರಾತ್ರಿ ಗೊತ್ತಾಯಿತು, ಅಷ್ಟೂ ಕಾಗದಗಳು ಸುತ್ತಿ ಬಳಸಿ ಕೇಳುತ್ತಿರುವುದು ಆ ಒಂದೇ ಪ್ರಶ್ನೆಯನ್ನು.

ನಾನು ದಕ್ಷಿಣ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಮಹಾಪ್ರಬಂಧದ ಒಂದು ಅಧ್ಯಾಯ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಪ್ರಕಟಿಸಿದ, ಶಾಶ್ವತ ಶಾಂತಿಯ ಕುರಿತ ಪುಟ್ಟ ಪುಸ್ತಕದ ಮೇಲಿದೆ. ಅದರಲ್ಲಿ ಪರಸ್ಥಳದವನ ಹಕ್ಕಿನ ಬಗ್ಗೆ ಒಂದೆರಡು ಪುಟಗಳಿವೆ. ಭೂಮಿ ದುಂಡಗಿದೆ, ಮನುಷ್ಯರು ಕೊನೆಯಿಲ್ಲದಂತೆ ಚದುರಿ ಹೋಗಲಾರರು, ತಿರುಗಿ ತಿರುಗಿ ಒಬ್ಬರ ಪಕ್ಕ ಒಬ್ಬರು ಬಂದೇ ಬರುತ್ತಾರೆ, ಸಹಿಸಿಕೊಂಡು ಬದುಕಲೇಬೇಕು ಎಂಬುದು ಅವನ ವಾದದ ಬುಡ. ಹಾಗಾಗಿ ಇನ್ನೊಬ್ಬರ ನೆಲಕ್ಕೆ ಬಂದವನನ್ನು ಶತ್ರುವಿನಂತೆ ಕಾಣಕೂಡದು. ಇದು ದಯೆಯ ಮಾತಲ್ಲ, ಹಕ್ಕಿನ ಮಾತು ಎಂದು ಕಾಂಟ್ ಒತ್ತಿ ಹೇಳುತ್ತಾನೆ. ಅದರ ಬೆನ್ನಿಗೇ ಒಂದು ಗೆರೆಯನ್ನೂ ಎಳೆಯುತ್ತಾನೆ. ಬಂದವನಿಗೆ ಇರುವುದು ಭೇಟಿಯ ಹಕ್ಕು, ಅತಿಥಿಯಾಗಿ ಉಳಿಯುವ ಹಕ್ಕಲ್ಲ. ಉಳಿಯಬೇಕಾದರೆ ಬೇರೆಯದೇ ಒಪ್ಪಂದ ಬೇಕು. ಅವನ ನಾಶಕ್ಕೆ ಕಾರಣವಾಗದಿದ್ದರೆ ಬಾಗಿಲಿಂದಲೇ ಹಿಂದೆ ಕಳಿಸಲೂಬಹುದು.

ಎರಡು ವರ್ಷ ನಾನು ಈ ಗೆರೆಯ ಬಗ್ಗೆ ಬರೆದೆ, ಸೆಮಿನಾರುಗಳಲ್ಲಿ ಮಾತಾಡಿದೆ. ಅಷ್ಟು ದಿನದಲ್ಲಿ ಭೇಟಿಗೆ ಬರುವ ಒಬ್ಬರ ಅರ್ಜಿಯನ್ನೂ ತುಂಬಿರಲಿಲ್ಲ. (ಕಾಂಟ್ ಕೂಡ ತನ್ನ ಊರು ಕೋನಿಗ್ಸ್‌ಬರ್ಗ್ ಬಿಟ್ಟು ದೂರ ಹೋದವನಲ್ಲ. ಆ ಊರು ಈಗ ರಷ್ಯಾದ ಕಲಿನಿನ್‌ಗ್ರಾದ್. ಅವನ ಸಮಾಧಿ ನೋಡಲು ಜರ್ಮನ್ನರೂ ವೀಸಾ ತೆಗೆದುಕೊಳ್ಳಬೇಕು.)

ನಿಯಮಗಳು ಗುಟ್ಟಿನವೇನಲ್ಲ. ಷೆಂಗೆನ್ ದೇಶಗಳಿಗೆ ಪ್ರವಾಸಿಯಾಗಿ ಬರುವವರು ಯಾವುದೇ 180 ದಿನಗಳಲ್ಲಿ 90 ದಿನ ಮೀರಿ ಇರುವಂತಿಲ್ಲ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಬೇಕು. ಹೊರಡುವುದಕ್ಕೆ ಆರು ತಿಂಗಳೊಳಗೆ, ಕಡಿಮೆಯೆಂದರೆ 15 ದಿನ ಮೊದಲು ಅರ್ಜಿ ಹಾಕಬೇಕು. ಉಳಿಯಲು ಎಲ್ಲಿ, ಖರ್ಚಿಗೆ ಯಾರು, ತಿರುಗಿ ಹೋಗಲು ಏನು ಕಾರಣ ಎಂಬುದಕ್ಕೆ ದಾಖಲೆ ಬೇಕು. ಕರೆಸಿಕೊಳ್ಳುವವರು ಖರ್ಚು ವಹಿಸಿಕೊಳ್ಳುವುದಾದರೆ ಜರ್ಮನಿಯಲ್ಲಿ ಇನ್ನೊಂದು ಪತ್ರ ಉಂಟು. ಅದರ ಹೆಸರು ಫೆರ್‌ಪ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್. ಉಚ್ಚರಿಸಲು ನನಗೆ ಒಂದು ವಾರ ಬೇಕಾಯಿತು. ನಾನು ಮನೆಯಲ್ಲಿ ಅದನ್ನು ಹೊಣೆಪತ್ರ ಎಂದು ಕರೆದೆ.

ಹೊಣೆಪತ್ರಕ್ಕೆ ಊರಿನ ಕಚೇರಿಗೆ ಹೋಗಿ ನನ್ನ ಸಂಬಳದ ಚೀಟಿಗಳನ್ನೂ ಮನೆಯ ಬಾಡಿಗೆ ಕರಾರನ್ನೂ ತೋರಿಸಿದೆ. ಬರುವವರ ವಾಸ, ಊಟ, ಕಾಯಿಲೆ ಬಿದ್ದರೆ ಚಿಕಿತ್ಸೆ, ಕೊನೆಗೆ ಹೊರಗಟ್ಟಬೇಕಾಗಿ ಬಂದರೆ ಅದರ ಖರ್ಚು, ಎಲ್ಲಕ್ಕೂ ನಾನೇ ಬಾಧ್ಯಸ್ಥೆ ಎಂದು ಸಹಿ ಮಾಡಬೇಕು. ಅಲ್ಲಿ ಕೂತಿದ್ದಾಕೆ ಸೌಮ್ಯವಾಗಿಯೇ, ಇದು ಗಂಭೀರ ಹೊಣೆ, ಅರ್ಥವಾಗಿದೆ ತಾನೆ ಎಂದು ಎರಡು ಸಲ ಕೇಳಿದರು. ಅಮ್ಮನನ್ನು ದೇಶದಿಂದ ಅಟ್ಟುವ ಖರ್ಚನ್ನು ನಾನು ಕೊಡುತ್ತೇನೆ ಎಂದು ಬರೆದುಕೊಟ್ಟು ಹೊರಗೆ ಬಂದಾಗ ನನಗೆ ಅತ್ತೆಮನೆಗೆ ಹೆಣ್ಣು ಕಳಿಸುವವರ ಮಾತುಕತೆ ನೆನಪಾಯಿತು. ಅಲ್ಲೂ ಪ್ರೀತಿಯ ಸಂಗತಿಯನ್ನು ಮೊದಲು ಲೆಕ್ಕದ ಭಾಷೆಯಲ್ಲೇ ಮುಗಿಸಿಕೊಳ್ಳುತ್ತಾರೆ.

ಅಮ್ಮ ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಎರಡು ಎಕರೆ ಅಡಿಕೆ ತೋಟ, ಒಂದು ಹಸು, ಹಂಚಿನ ಮನೆ. ಅಪ್ಪ 2021ರಲ್ಲಿ ತೀರಿಕೊಂಡ. ತಮ್ಮ ಬೆಂಗಳೂರಿನಲ್ಲಿದ್ದಾನೆ. 2024ರ ಜನವರಿಯಲ್ಲಿ ಅಮ್ಮ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಅರ್ಜಿ ಸ್ವೀಕರಿಸುವ ಕೇಂದ್ರದಲ್ಲಿ ಟೋಕನ್ ಹಿಡಿದು ಕೂತಳು. ಬೆರಳಚ್ಚು ಕೊಡುವ ಸರದಿ ಬಂದಾಗ ಯಂತ್ರ ಅವಳ ಬೆರಳುಗಳನ್ನು ಓದಲಿಲ್ಲ. ಅದು ಅಡಿಕೆ ಸುಲಿಯುವ ಕಾಲ. ಸುಲಿದು ಸುಲಿದು ತುದಿಬೆರಳಿನ ಗೆರೆಗಳು ಸವೆದಿದ್ದವು, ತೊಗರು ಹಿಡಿದು ಕಪ್ಪಾಗಿದ್ದವು. ಒರೆಸಿಕೊಳ್ಳಿ ಎಂದರು, ಒತ್ತಿ ಎಂದರು, ನಿಧಾನ ಎಂದರು. ಐದಾರು ಸಲ ಆದ ಮೇಲೆ ಹೇಗೋ ಬಂತು. ಫೋನಿನಲ್ಲಿ ಇದನ್ನು ಹೇಳುವಾಗ ಅವಳು ನಗುತ್ತಿದ್ದಳು. “ಪಡಿತರದಂಗಡೀಲೂ ಹೀಗೇ ಆಗ್ತದೆ ಮಾರಾಯ್ತಿ, ಇದೆಂತ ಹೊಸತಾ?”

ಮೂರು ವಾರಕ್ಕೆ ಪಾಸ್‌ಪೋರ್ಟ್ ವಾಪಸ್ ಬಂತು, ಜೊತೆಗೆ ಒಂದು ನಮೂನೆ. ನಿರಾಕರಣೆಯ ಕಾರಣಗಳನ್ನು ಮೊದಲೇ ಅಚ್ಚು ಹಾಕಿರುತ್ತಾರೆ, ಅನ್ವಯಿಸುವುದರ ಮುಂದಿನ ಚೌಕದಲ್ಲಿ ಗುರುತು ಮಾಡುತ್ತಾರೆ. ಹಣದ ಚೌಕ ಖಾಲಿ ಇತ್ತು. ವಿಮೆಯದ್ದೂ ಖಾಲಿ. ಗುರುತಿದ್ದದ್ದು ಒಂದೇ ಕಡೆ: ವೀಸಾ ಅವಧಿ ಮುಗಿಯುವ ಮೊದಲು ದೇಶ ಬಿಟ್ಟು ಹೋಗುವ ನಿಮ್ಮ ಇಂಗಿತದ ಬಗ್ಗೆ ನಮಗೆ ಸಮಂಜಸವಾದ ಅನುಮಾನವಿದೆ ಎಂಬ ಅರ್ಥದ ಸಾಲಿನ ಮುಂದೆ.

ಮೊದಲು ಸಿಟ್ಟು ಬಂತು. ಆಮೇಲೆ, ಓದುವ ಕಸುಬಿನವರಿಗೆ ಆಗುವಂತೆ, ಆ ವಾಕ್ಯದ ಒಳಗೇ ಸಿಕ್ಕಿಹಾಕಿಕೊಂಡೆ. ಇಂಗಿತ ಎಂದರೆ ಮನಸ್ಸಿನೊಳಗಿನದು, ಅದೂ ಇನ್ನೂ ಬಾರದ ದಿನದ ಬಗ್ಗೆ. ಅದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರ್ತೇನೆ ಎನ್ನುತ್ತಾರೆ. ತಿರುಗಿ ಬರುವ ಮಾತು ಕೊಡದೆ ಮೆಟ್ಟಿಲು ಇಳಿಯುವುದೇ ಇಲ್ಲ. ಆದರೆ ಮಾತು ಇಲ್ಲಿ ದಾಖಲೆಯಲ್ಲ. ಮಾತಿನ ಬದಲು ಅವರು ನೋಡುವುದು ನಿಮ್ಮನ್ನು ಹಿಂದಕ್ಕೆ ಎಳೆಯುವ ಹಗ್ಗಗಳನ್ನು: ನೌಕರಿ, ಜಮೀನು, ಬ್ಯಾಂಕಿನ ಹಣ, ಗಂಡ, ಸಣ್ಣ ಮಕ್ಕಳು. ಹಗ್ಗ ಎಷ್ಟು ಗಟ್ಟಿಯೋ ಅಷ್ಟು ನಂಬಿಕೆ. ಇದರ ತರ್ಕ ಹಿಡಿದು ಹೊರಟರೆ ಒಂದು ವಿಚಿತ್ರ ಜಾಗಕ್ಕೆ ಬಂದು ನಿಲ್ಲುತ್ತೇವೆ. ಆಸ್ತಿ ಇದ್ದವನ ಇಂಗಿತ ಒಳ್ಳೆಯದು, ಇಲ್ಲದವನದು ಅನುಮಾನಾಸ್ಪದ. ವಿಧವೆಯಾದ್ದರಿಂದ ಅಮ್ಮನ ಒಂದು ಹಗ್ಗ ಕಡಿಮೆ. ಮಕ್ಕಳು ದೊಡ್ಡವರಾದ್ದರಿಂದ ಇನ್ನೊಂದು ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಅವಳ ಅತಿ ದೊಡ್ಡ ಹಗ್ಗವೇ ಆಚೆ ತುದಿಯಲ್ಲಿತ್ತು. ನಾನು.

ಜಮೀನು ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ಆದರೆ ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಅಪ್ಪನ ಹೆಸರೇ ಇತ್ತು. ಮದುವೆಯಾಗಿ ಬಂದ ದಿನದಿಂದ ಆ ತೋಟಕ್ಕೆ ಸೊಪ್ಪು ಹೊತ್ತವಳು, ಗೊಬ್ಬರ ಹಾಕಿಸಿದವಳು, ಕೊಳೆ ಬಿದ್ದ ವರ್ಷ ನಿದ್ದೆಗೆಟ್ಟವಳು ಅವಳು. ಅವಳಿಗೂ ಆ ನೆಲಕ್ಕೂ ಸಂಬಂಧವಿದೆ ಎಂದು ಹೇಳುವ ಒಂದು ಕಾಗದವೂ ಇರಲಿಲ್ಲ. ಆ ಸಂಬಂಧದ ಗುರುತು ಇದ್ದದ್ದು ಬೆರಳಿನಲ್ಲಿ. ಅದನ್ನು ಯಂತ್ರ ದೋಷ ಎಂದು ಓದಿತ್ತು.

ತಮ್ಮ ಒಬ್ಬ ಏಜೆಂಟನನ್ನು ಹಿಡಿದ. ಅವರು ಹೇಳಿದ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಯಾರಿಂದಾದರೂ ನಾಲ್ಕು ಲಕ್ಷ ಕೈಗಡ ತಂದು ಅಮ್ಮನ ಖಾತೆಯಲ್ಲಿ ನಾಲ್ಕು ತಿಂಗಳು ಇಡಿ, ವೀಸಾ ಆದ ಮೇಲೆ ತೆಗೆಯಿರಿ. ಇದು ಸುಳ್ಳೇ? ಖಾತೆಯಲ್ಲಿ ಹಣ ಇರುವುದು ನಿಜ, ಸ್ಟೇಟ್‌ಮೆಂಟ್ ನಿಜ, ಬ್ಯಾಂಕಿನ ಮೊಹರು ನಿಜ. ನಿಜವಾದ ಕಾಗದಗಳನ್ನೇ ಜೋಡಿಸಿ ಸುಳ್ಳೊಂದನ್ನು ಹೇಳಿಸುವುದು, ಅಷ್ಟೇ. ಸುಳ್ಳನ್ನು ಯಾವ ಸ್ಥಿತಿಯಲ್ಲೂ ಒಪ್ಪದ ಕಾಂಟ್‌ನನ್ನು ಓದಿಕೊಂಡು ಬಂದ ನಾನು ಹೂಂ ಎಂದೆ. ಬೇಡ ಎಂದದ್ದು ಅಮ್ಮ. ಅದೂ ನೀತಿಯ ಮಾತಾಡಿ ಅಲ್ಲ. “ಬೇರೆಯವರ ದುಡ್ಡು ನನ್ನ ಪಾಸ್‌ಬುಕ್ಕಿನಲ್ಲಿ ಕೂತ್ರೆ ನಂಗೆ ನಿದ್ದೆ ಬರೂದಿಲ್ಲ” ಎಂದಳು. ಅಲ್ಲಿಗೆ ಆ ದಾರಿ ಮುಚ್ಚಿತು.

ಉಳಿದದ್ದು ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ನನ್ನ ಮತ್ತು ತಮ್ಮನ ಒಪ್ಪಿಗೆ, ನಾಡಕಚೇರಿಗೆ ಹತ್ತಾರು ಸಲ ಓಡಾಟ. ಅಪ್ಪ ಹೋದಾಗಲೇ ಮಾಡಿಸಬೇಕಿತ್ತು. ಆಗ ಯಾರಿಗೂ ಅದು ತುರ್ತು ಅನ್ನಿಸಿರಲಿಲ್ಲ, ಅಮ್ಮನಿಗೂ. 2024ರ ಮಳೆಗಾಲ ಕಳೆಯುವ ಹೊತ್ತಿಗೆ ಪಹಣಿಯಲ್ಲಿ ಅವಳ ಹೆಸರು ಬಂತು. ತಮ್ಮ ಅದರ ಫೋಟೋ ಕಳಿಸಿದ. ನಾನು ತುಂಬ ಹೊತ್ತು ನೋಡಿದೆ. ಎಲ್ಲೋ ಕೂತ, ಅವಳನ್ನು ಎಂದೂ ನೋಡದ ಒಬ್ಬ ಅಧಿಕಾರಿಯ ಅನುಮಾನದಿಂದಾಗಿ ನಮ್ಮಮ್ಮ ತನ್ನದೇ ತೋಟಕ್ಕೆ ದಾಖಲೆಯ ಪ್ರಕಾರ ಒಡತಿಯಾದಳು. ಹೆತ್ತ ಮಕ್ಕಳಿಗೆ ಹೊಳೆಯದೇ ಇದ್ದದ್ದು ಆ ಚೌಕದ ಗುರುತಿನಿಂದ ಆಯಿತು. ಇದಕ್ಕೆ ಆ ಅಧಿಕಾರಿಗೆ ಕೃತಜ್ಞತೆ ಹೇಳಬೇಕೋ, ನಮಗೆ ನಾವೇ ಛೀಮಾರಿ ಹಾಕಿಕೊಳ್ಳಬೇಕೋ ನನಗೆ ಈಗಲೂ ಬಗೆಹರಿದಿಲ್ಲ.

ಆ ಅಧಿಕಾರಿಯ ಜಾಗದಲ್ಲಿ ಕೂತು ಯೋಚಿಸಲು ಪ್ರಯತ್ನಿಸಿದ್ದೇನೆ. ಮೇಜಿನ ಮೇಲೆ ದಿನವೂ ಕಡತಗಳ ರಾಶಿ. ಬಂದವರಲ್ಲಿ ಕೆಲವರು ಉಳಿದುಬಿಡುತ್ತಾರೆ ಎಂಬುದು ಸುಳ್ಳಲ್ಲ. ಆತನಿಗೆ ಅಮ್ಮ ಕಾಣುವುದಿಲ್ಲ, ಹನ್ನೆರಡು ಹಾಳೆಗಳು ಕಾಣುತ್ತವೆ. ನನ್ನ ಸಿಟ್ಟು ಆ ಮನುಷ್ಯನ ಮೇಲೆ ನಿಲ್ಲಲಿಲ್ಲ. ನಿಲ್ಲದಿರಲು ಇನ್ನೊಂದು ಕಾರಣವಿದೆ, ಅದನ್ನು ಬರೆಯುವುದು ಕಷ್ಟ. ಆಹ್ವಾನ ಪತ್ರದಲ್ಲಿ ನಾನು, ನನ್ನ ತಾಯಿ ಖಂಡಿತವಾಗಿ ಹಿಂತಿರುಗುತ್ತಾರೆ ಎಂದು ಬರೆದು ತೋಟ, ಹಸು, ಮಗ ಎಂದು ಕಾರಣಗಳನ್ನು ಪಟ್ಟಿ ಮಾಡಿದ್ದೆ. ಒಂದೂ ಸುಳ್ಳಲ್ಲ. ಆದರೆ ಅಪ್ಪ ಹೋದ ಮೇಲೆ, ಸಂಜೆ ಏಳಕ್ಕೇ ಬಾಗಿಲು ಹಾಕಿಕೊಂಡು ಒಬ್ಬಳೇ ಟೀವಿ ಮುಂದೆ ಕೂರುವ ಅವಳನ್ನು ನೆನೆದಾಗಲೆಲ್ಲ ಇಲ್ಲೇ ಇದ್ದುಬಿಡಲಿ ಎಂದು ನನಗೆ ಅನ್ನಿಸುತ್ತಿತ್ತು. ಕಾನೂನು ಮೀರಿ ಇಟ್ಟುಕೊಳ್ಳುವ ಯೋಚನೆ ಇರಲಿಲ್ಲ, ಆಸೆಯಂತೂ ಇತ್ತು. ಆ ಚೌಕದಲ್ಲಿ ಗುರುತು ಮಾಡಿದವರು ಅಮ್ಮನ ಬಗ್ಗೆ ತಪ್ಪು ತಿಳಿದಿದ್ದರು. ನನ್ನ ಬಗ್ಗೆ ಪೂರ್ತಿ ತಪ್ಪು ತಿಳಿದಿದ್ದರು ಎಂದು ಹೇಳಲಾರೆ.

ನನ್ನ ಈ ಕಥೆ ಕೇಳಿದ ಗೆಳತಿಯರು ಇಲ್ಲಿ ಒಂದು ಮಾತು ಹೇಳುತ್ತಾರೆ. ನಮ್ಮಲ್ಲಾದರೆ ಅತಿಥಿಯೇ ದೇವರು, ಇವರಲ್ಲಿ ಅತಿಥಿ ಎಂದರೆ ಕಡತ ಎಂದು. ಕೇಳಲು ಹಿತವಾಗಿದೆ. ತಿಥಿ ಇಲ್ಲದೆ ಬರುವವನೇ ಅತಿಥಿ ಎಂದು ಹಳಬರು ಪದವನ್ನು ಬಿಡಿಸುತ್ತಾರೆ. ಹಾಗೆ ನೋಡಿದರೆ ಬರುವ ತಿಥಿಯನ್ನೂ ಹೋಗುವ ತಿಥಿಯನ್ನೂ ಹಣೆಯ ಮೇಲೆ ಒತ್ತಿಸಿಕೊಂಡು ಬರುವ ವೀಸಾದವರು ಅತಿಥಿಗಳೇ ಅಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತ ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಮನೆಗೆ ಬಂದ ಯಮ ಗಾಬರಿಯಾಗಿ, ಕಾಯಿಸಿದ್ದಕ್ಕೆ ರಾತ್ರಿಗೊಂದರಂತೆ ಮೂರು ವರ ಕೊಡುತ್ತಾನೆ. ಅಪಾಯಿಂಟ್‌ಮೆಂಟ್ ಸಿಗದೆ ಎರಡು ತಿಂಗಳು ಕಾದಿದ್ದ ನಾನು ಈ ಕಥೆಯನ್ನು ವಿಭಾಗದ ಅಡುಗೆಕೋಣೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ಆದರೆ ನಾನು ನಗಿಸುವಾಗ ಬಿಟ್ಟುಬಿಡುವ ಸಂಗತಿಗಳೂ ಇವೆ. ಮನುಸ್ಮೃತಿಯ ಅತಿಥಿಗೆ ಒಂದೇ ರಾತ್ರಿಯ ಅವಧಿ. ಅಲ್ಲಿ ಯಾರು ಅತಿಥಿ, ಯಾರಿಗೆ ಆಮೇಲೆ ಆಳುಗಳ ಜೊತೆ ಊಟ ಎಂದು ವರ್ಣ ನೋಡಿ ನಿರ್ಧಾರವಾಗುತ್ತದೆ. ನಚಿಕೇತನಿಗೆ ಯಮ ಗಾಬರಿಯಾದದ್ದೂ ಬಂದವನು ಬ್ರಾಹ್ಮಣ ಎಂದು. ಗ್ರಂಥದ ಮಾತು ಬಿಡಿ, ನಮ್ಮ ಮನೆಯದ್ದೇ ಹೇಳುತ್ತೇನೆ.

2023ರ ಜನವರಿಯಲ್ಲಿ ನಾನು ರಜೆಗೆ ಹೋದಾಗ ಜೊತೆಗೆ ನನ್ನ ಸಹಪಾಠಿಯೊಬ್ಬಳು ಬಂದಿದ್ದಳು, ಜರ್ಮನ್ ಹುಡುಗಿ. ಅವಳು ತನ್ನ ಕೋಣೆಯಲ್ಲಿ ಕೂತು ಒಂದು ಫೋಟೋ, ಪಾಸ್‌ಪೋರ್ಟಿನ ಒಂದು ಪುಟ ಅಪ್‌ಲೋಡ್ ಮಾಡಿ ಭಾರತದ ಇ-ವೀಸಾ ಪಡೆದಳು. ನೀನು ವಾಪಸ್ ಬರುತ್ತೀಯಾ ಎಂಬುದಕ್ಕೆ ಏನು ಆಧಾರ ಎಂದು ಯಾರೂ ಕೇಳಲಿಲ್ಲ. ವಿದೇಶಿಯರು ಮನೆಗೆ ಬಂದರೆ 24 ಗಂಟೆಯೊಳಗೆ ಫಾರ್ಮ್ ಸಿ ತುಂಬಬೇಕು ಎಂಬ ನಿಯಮ ಆಗ ನಮ್ಮಲ್ಲೂ ಇತ್ತು. ತಮ್ಮ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಅದನ್ನು ತುಂಬಿದ. ಅಮ್ಮ ಅವಳನ್ನು ನೇರ ಅಡುಗೆಮನೆಗೇ ಕರೆದೊಯ್ದು ಮಣೆ ಹಾಕಿ ಕೂರಿಸಿ ತೆಳ್ಳೇವು ಎರೆದು ಹಾಕಿದಳು. ಅವಳ ಜಾತಿ ಯಾವುದು, ಏನು ತಿನ್ನುವವಳು ಎಂಬ ಪ್ರಶ್ನೆ ಬರಲಿಲ್ಲ. ಹುಡುಗಿ ಇವತ್ತಿಗೂ ಅದನ್ನು ನೆನೆಯುತ್ತಾಳೆ.

ಅದೇ ದಿನ ತೋಟದಲ್ಲಿ ಕೊನೆ ಕೊಯ್ಲು. ನಾನು ಹುಟ್ಟುವ ಮೊದಲಿನಿಂದ ನಮ್ಮ ಮರ ಹತ್ತುತ್ತಿರುವವರು ಬಂದಿದ್ದರು. ಅವರು ಚಾ ಕುಡಿದದ್ದು ಜಗಲಿಯಲ್ಲಿ, ತಾವೇ ಸೂರಿನ ಸಂದಿಯಿಂದ ತೆಗೆದುಕೊಂಡ ಲೋಟದಲ್ಲಿ. ಕುಡಿದು ತಾವೇ ತೊಳೆದು ಅಲ್ಲೇ ಇಟ್ಟರು. ಗೆಳತಿ, ಅವರೇಕೆ ಒಳಗೆ ಬರಲಿಲ್ಲ ಎಂದು ಕೇಳಿದಳು. ಮೈಯೆಲ್ಲ ಬೆವರಾಗಿದೆ, ಅವರಿಗೆ ಹೊರಗೇ ಹಿತ ಎಂದೆ. ಹೊಣೆಪತ್ರಕ್ಕಿಂತ ಎಷ್ಟೋ ಮೊದಲು, ಸಲೀಸಾಗಿ, ಯಾವ ನಮೂನೆಯೂ ಇಲ್ಲದೆ ನಾನು ಹೇಳಿದ ಸುಳ್ಳು ಅದು. ಜಗಲಿಗೂ ಒಳಮನೆಗೂ ನಡುವಿನ ಆ ಹೊಸಿಲು ಎಷ್ಟು ತಲೆಮಾರಿನದ್ದೋ. ಅಲ್ಲಿ ನಿರಾಕರಣೆಯ ಕಾರಣವನ್ನು ಬರೆದು ಕೊಡುವ ಪದ್ಧತಿ ಕೂಡ ಇಲ್ಲ. ಅಮ್ಮನಿಗೆ ವೀಸಾ ನಿರಾಕರಿಸಿದರು ಎಂದು ನನಗಾದ ಅವಮಾನದಲ್ಲಿ ನಾವು ಹೊರಗೆ ನಿಲ್ಲುವವರಲ್ಲ ಎಂಬ ಹಳೆಯ ಅಭ್ಯಾಸದ ಪಾಲು ಎಷ್ಟು ಎಂದು ಅಳೆಯಲು ಹೋಗಿದ್ದೇನೆ. ಅಳತೆ ಸಿಕ್ಕಿಲ್ಲ. ಅಮ್ಮನ ಹತ್ತಿರ ಆ ಲೋಟದ ಬಗ್ಗೆ ಇದುವರೆಗೂ ಮಾತೆತ್ತಿಲ್ಲ. ಕಾಂಟ್ ಬಗ್ಗೆ ಎಂಬತ್ತು ಪುಟ ಬರೆದಿದ್ದೇನೆ.

ಹಾಗೆಂದು ಎರಡೂ ಒಂದೇ, ನಮ್ಮದೂ ತಪ್ಪು ಅವರದೂ ತಪ್ಪು ಎಂದು ಸಮ ಮಾಡಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಕಾಂಟ್ ಭೇಟಿಯ ಹಕ್ಕಿಗೆ ಮಿತಿ ಹಾಕಿದ್ದು ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಎಂಬುದನ್ನು ಈಗ ಮತ್ತೆ ಓದಿದಾಗ ಗಮನಿಸಿದೆ. ಅವನು ಬೈಯುವುದು ಯೂರೋಪಿನ ವ್ಯಾಪಾರಿ ದೇಶಗಳನ್ನು. ಭೇಟಿ ಕೊಡುತ್ತೇವೆ ಎಂದು ಹೋಗಿ ಗೆದ್ದುಕೊಂಡವರು, ಹಿಂದೂಸ್ತಾನದಲ್ಲಿ ಮಳಿಗೆ ಹಾಕುವ ನೆಪದಲ್ಲಿ ಸೈನ್ಯ ತಂದವರು ಎಂದು ಅವನು ಹೆಸರಿಸಿಯೇ ಹೇಳುತ್ತಾನೆ. ಇಂಥ ಭೇಟಿಗಾರರಿಗೆ ಬಾಗಿಲು ಕಿರಿದು ಮಾಡಿದ ಚೀನಾ, ಜಪಾನ್‌ಗಳನ್ನು ಜಾಣರು ಎನ್ನುತ್ತಾನೆ. ಅಂದರೆ ಉಳಿಯುವ ಇಂಗಿತವನ್ನು ಅನುಮಾನಿಸಬೇಕಾಗಿದ್ದದ್ದು ಹಡಗಿನಲ್ಲಿ ಬಂದ ಬಲಶಾಲಿಗಳದ್ದು. ಇನ್ನೂರು ಚಿಲ್ಲರೆ ವರ್ಷದಲ್ಲಿ ಆ ಅನುಮಾನ ತಿರುಗಿ ಬಂದು ಮೊಣಕಾಲು ನೋವಿನ ಒಬ್ಬ ಹೆಂಗಸಿನ ಮೇಲೆ ಕೂತಿದೆ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯ ಪ್ರಕಾರ ಯಾವ ದೇಶವನ್ನಾದರೂ ಬಿಟ್ಟು ಹೊರಡುವ, ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ. ಇನ್ನೊಂದು ದೇಶವನ್ನು ಒಳಹೊಗುವ ಹಕ್ಕು ಅದರಲ್ಲಿಲ್ಲ. ಹೊರಟವರು ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆದವರು ಖಾಲಿ ಬಿಟ್ಟಿದ್ದಾರೆ.

2025ರ ಫೆಬ್ರವರಿಯಲ್ಲಿ ಮತ್ತೆ ಅರ್ಜಿ ಹಾಕಿದೆವು. ಅಷ್ಟರಲ್ಲಿ ಶುಲ್ಕ 80 ಯೂರೋದಿಂದ 90ಕ್ಕೆ ಏರಿತ್ತು. ಬೆರಳಚ್ಚು ಹಳೆಯದೇ ನಡೆಯಿತು, 59 ತಿಂಗಳವರೆಗೆ ನಡೆಯುತ್ತದೆ. ಈ ಸಲ ಆಹ್ವಾನ ಪತ್ರದಲ್ಲಿ ಪಹಣಿಯ ಜೊತೆ ಇನ್ನೊಂದು ಸಾಲು ಸೇರಿಸಿದೆ. ಜೂನ್ ಮಳೆ ಹಿಡಿಯುವ ಮುಂಚೆ ಕೊಳೆ ಬಾರದಂತೆ ಮರಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಆ ಹೊತ್ತಿಗೆ ನನ್ನ ತಾಯಿ ತೋಟದಲ್ಲಿ ಇರಲೇಬೇಕು ಎಂದು. ಯಾರಾದರೂ ಅದನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ವೀಸಾ ಬಂತು, 23 ದಿನಕ್ಕೆ.

ಆ 23 ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನದಿಯ ದಂಡೆಯಲ್ಲಿ ನಡೆದೆವು, ನನ್ನ ಒಂದೇ ಕೋಣೆಯಲ್ಲಿ ಅವಳು ಹಾಸಿಗೆಯ ಮೇಲೆ, ನಾನು ಕೆಳಗೆ ಮಲಗಿದೆವು. ಹತ್ತನೇ ದಿನಕ್ಕೆ ಅವಳಿಗೆ ಹಸುವಿನ ಚಿಂತೆ ಹತ್ತಿತು. ಹದಿನೈದನೇ ದಿನ ನಾನು ತಡೆಯಲಾರದೆ, ಹೀಗೇ ಇದ್ದುಬಿಡುವ ಹಾಗಿದ್ದರೆ ಇರ್ತಿದ್ದೆಯಾ ಅಮ್ಮ ಎಂದು ಕೇಳಿದೆ. ಅವಳು ಕಿಟಕಿಯಾಚೆಯ ಅಂಗಳ ನೋಡುತ್ತಿದ್ದಳು. “ಎಂತಕ್ಕೆ?” ಎಂದಳು. ನನಗೆ ನೋವಾಯಿತೆಂದು ತಿಳಿದು ಸ್ವಲ್ಪ ಹೊತ್ತಿನ ಮೇಲೆ, “ನೀ ಬಾ” ಎಂದಳು. ನನ್ನ ಇಂಗಿತ ಏನೆಂದು ಅವಳೂ ಕೇಳುತ್ತಿದ್ದಾಳೆ ಅನ್ನಿಸಿತು. ಉತ್ತರ ಕೊಡಲಿಲ್ಲ. ನನ್ನ ಹತ್ತಿರ ತೋರಿಸಲು ಆಧಾರ ಇರಲಿಲ್ಲ.

ಊರು ಮುಟ್ಟಿದ ವಾರಕ್ಕೆ ಫೋನ್ ಮಾಡಿದಳು. ಮದ್ದು ಹೊಡೆಯುವುದು ಶುರುವಾಗಿದೆ, ಮೋಡ ಕಟ್ಟುತ್ತಿದೆ, ಇನ್ನೆರಡು ದಿನ ಮಳೆ ತಡೆದರೆ ಸಾಕು ಎಂದಳು. ಅವಳ ಮಾತಿನ ಹಿಂದೆ ಮರ ಹತ್ತುವವರ ದನಿ ಕೇಳುತ್ತಿತ್ತು, ಸುಣ್ಣದ ನೀರು ಕಲಕುವ ಸದ್ದೂ. ಅಲ್ಲಿಯ ಪೊಲೀಸರು ನಿಮ್ಮನ್ನ ತಡೆದು ಎಂತ ಕೇಳಿದ್ರು ಅಮ್ಮ ಎಂದು ಅವರು ವಿಚಾರಿಸುತ್ತಿದ್ದರು. ಅಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಯಾವತ್ತು ವಾಪಸ್ ಹೋಗ್ತೀರಿ ಅಂತ ಕೇಳಿದ್ರು ಮಾರಾಯ ಎಂದು ನಗುತ್ತ ಹೇಳತೊಡಗಿದಳು. ಅವರೂ ನಕ್ಕರು. ದನಿ ಬರುತ್ತಿದ್ದದ್ದು ಜಗಲಿಯ ಕಡೆಯಿಂದ.